ಬೀಗರ ಗೇಟಿನೆದುರು ಚೈನು ಕಳಚಿದ್ದು

ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಎಡಗೈಯಲ್ಲಿ ಪೆಡಲ್ ತಿರುಗಿಸುತ್ತ, ಬಲಗೈಯಲ್ಲಿ ಸೀಮೆಎಣ್ಣೆ ಬಟ್ಟೆ ಹಿಡಿದು ಬದರೀನಾರಾಯಣ ಚೈನು ಒರೆಸುತ್ತಿದ್ದ. ಚೈನು ಹೊಚ್ಚ ಹೊಸದು. ಹೊಸದನ್ನು ಯಾಕಪ್ಪ ಒರೆಸಬೇಕು ಎಂದು ಆ ಮನೆಯಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬದರಿ ಚೈನು ಒರೆಸುತ್ತಾನೆ ಎಂದರೆ ಒರೆಸುತ್ತಾನೆ. ತ್ಯಾಗರಾಜನಗರದ ಆ ಬೀದಿಯಲ್ಲಿ ಹಾಲಿನವನು ಬರುವುದು ತಪ್ಪಿದ್ದುಂಟು, ಇದು ತಪ್ಪಿದ್ದಿಲ್ಲ.

ಪಕ್ಕದ ಮನೆಯ ಶೀನಣ್ಣ, ರಿಟೈರಾದ ಮೇಲೆ ಕಾಂಪೌಂಡ್ ಗೋಡೆಯನ್ನೇ ಕಚೇರಿ ಮಾಡಿಕೊಂಡವರು, ಮೊಣಕೈ ಊರಿ ನೋಡುತ್ತಿದ್ದರು.

“ಮರಿಯಣ್ಣನ ಅಂಗಡೀಲಿ ಹಾಕಿಸ್ದ್ಯೇನೋ?”

“ಅಂಗಡಿಗೆ ಯಾಕೆ ಹೋಗ್ಲಿ ಶೀನಣ್ಣ? ಇಪ್ಪತ್ತು ವರ್ಷದಿಂದ ಈ ಸೈಕಲ್ ಮೇಲೆ ಇನ್ನೊಬ್ಬರ ಕೈ ಬಿದ್ದಿಲ್ಲ. ಚೈನ್ ಮಾತ್ರ ಕೊಂಡ್ಕೊಂಡೆ. ಮುಂದಿನ ಹಲ್ಲಿನ ಚಕ್ರಾನೂ ತಗೊಳ್ಳಿ ಸ್ವಾಮಿ ಅಂದ ಮರಿಯಣ್ಣ. ಹಲ್ಲು ನೋಡಿ ಹೇಗಿದೆ, ಒಂದಾದ್ರೂ ಬಿದ್ದಿದೆಯಾ?”

ಬಿದ್ದಿರಲಿಲ್ಲ, ನಿಜ. ಎಲ್ಲವೂ ಇದ್ದವು. ಆದರೆ ಪ್ರತಿಯೊಂದೂ ಬೆಕ್ಕಿನ ಉಗುರಿನ ಹಾಗೆ ಒಂದೇ ಕಡೆಗೆ ಬಾಗಿತ್ತು. ಬದರಿ ಅವುಗಳನ್ನು ಎಣಿಸಿದನೇ ಹೊರತು ನೋಡಲಿಲ್ಲ. ಸರ್ಕಾರದ ಯಾವುದೋ ಇಲಾಖೆಯಲ್ಲಿ ಟಪಾಲು ಗುಮಾಸ್ತನಾಗಿದ್ದವನಿಗೆ ಎಣಿಸಿದರೆ ನೋಡಿದ ಹಾಗೆಯೇ.

ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ರಂಗನಾಯಕಮ್ಮ ಒಂದು ಲಕೋಟೆ ಹಿಡಿದು ಬಂದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು.

ಈ ಲಕೋಟೆಯ ವಿಷಯ ಹೇಳಲೇಬೇಕು. ಬದರಿಯ ತಮ್ಮ ಸಂಕರ್ಷಣ, ಚಾಮರಾಜಪೇಟೆಯ ಬ್ಯಾಂಕಿನಲ್ಲಿ ಕೆಲಸ, ಹೆಣ್ಣು ನೋಡಿ ನೋಡಿ “ಯೋಚನೆ ಮಾಡೋಣಮ್ಮ” ಎನ್ನುವುದನ್ನೇ ಅಭ್ಯಾಸ ಮಾಡಿಕೊಂಡಿದ್ದ. ಅಂಥವನು ಹೋದ ವಾರ ಬಸವನಗುಡಿಯ ಪ್ರಹ್ಲಾದರಾಯರ ಮನೆಗೆ ಹೋಗಿ, ಅವರ ಮಗಳು ಸುಪ್ರಜಾಳನ್ನು ನೋಡಿ, ಗೊಜ್ಜವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು, ವಾಪಸು ಬರುವಾಗ ಆಟೋದಲ್ಲೇ “ನನಗೆ ಒಪ್ಪಿಗೆ” ಎಂದಿದ್ದ. ಆ ಮಾತು ಕೇಳಿ ಅವನ ಅತ್ತಿಗೆ ಅಕ್ಷಯಾ ಅವನ ಹಣೆ ಮುಟ್ಟಿ ನೋಡಿದ್ದಳು, ಜ್ವರವೇನಾದರೂ ಇದೆಯೇ ಎಂದು.

ಪ್ರಹ್ಲಾದರಾಯರು ಬೀಳ್ಕೊಡುವಾಗ ಮೆತ್ತಗೆ ಹೇಳಿದ್ದರು: “ಪಿತೃಪಕ್ಷ ಕೂಡೋದರೊಳಗೆ ಒಂದು ಕಾಗದ ಹಾಕಿಬಿಡಿ. ಇನ್ನೊಂದು ಕಡೆಯವರೂ ಕೇಳ್ತಿದಾರೆ. ಅವರಿಗೂ ಏನಾದರೊಂದು ಹೇಳಬೇಕಲ್ಲ.”

ಕಾಗದ ಬರೆದಾಗಿತ್ತು. ಹಾಕುವುದು ಬಾಕಿ. ಹಾಕುವುದಕ್ಕೆ ರಂಗನಾಯಕಮ್ಮನವರ ಕಟ್ಟಳೆಗಳಿದ್ದವು. ಮನೆಗೆ ಹಿರಿಯನಾದವನೇ ಹಾಕಬೇಕು. ಮದುವೆ ಗಂಡು ಅದನ್ನು ಮುಟ್ಟಬಾರದು. ಬೀದಿ ಮೂಲೆಯ ಡಬ್ಬಿ ಕೂಡದು, ಹೋದ ದೀಪಾವಳಿಯಲ್ಲಿ ಯಾರೋ ಅದರೊಳಗೆ ಪಟಾಕಿ ಹಚ್ಚಿದ್ದರು. ಗಾಂಧಿ ಬಜಾರಿನ ಹತ್ತಿರದ ಪೋಸ್ಟ್ ಆಫೀಸಿನಲ್ಲೇ ಆಗಬೇಕು. ದಾರಿಯಲ್ಲಿ ವಿಘ್ನವಾದರೆ ಮುಂದೆ ಹೋಗಕೂಡದು; ಮನೆಗೆ ಬಂದು, ಕಾಲು ತೊಳೆದು, ಕೂತು ನೀರು ಕುಡಿದು, ಆವತ್ತಿನ ಮಟ್ಟಿಗೆ ಸುಮ್ಮನಿರಬೇಕು.

“ಅತ್ತೆ, ಇವರು ಆಫೀಸಿಗೆ ಹೋಗೋದು ಅವರ ಮನೆ ಮುಂದೇನೇ” ಎಂದಳು ಅಕ್ಷಯಾ. “ಗೇಟಲ್ಲಿ ಕೊಟ್ಟು ಹೋದ್ರೆ ಆಯ್ತಪ್ಪ.”

“ಗಂಡಿನ ಕಡೆಯವರು ಕಾಗದ ಹಿಡ್ಕೊಂಡು ಹೆಣ್ಣಿನ ಮನೆ ಬಾಗಿಲಲ್ಲಿ ನಿಲ್ಲೋದುಂಟೇನೇ? ನಮ್ಮ ಹುಡುಗನಿಗೆ ಬೇರೆ ಗತಿಯಿಲ್ಲ ಅಂತ ಡಂಗುರ ಹೊಡೆದ ಹಾಗೆ. ಅಂಚೇಲಿ ಹೋಗಬೇಕು, ಅಂಚೇಲೇ ಬರಬೇಕು.”

ಅಲ್ಲಿಗೆ ಆ ಮಾತು ಮುಗಿಯಿತು.

ಸೋಮವಾರ ಬದರಿ ಲಕೋಟೆಯನ್ನು ಒಳಜೇಬಿನಲ್ಲಿಟ್ಟು ಹೊರಟ. ಬೇರೆ ರಸ್ತೆಯನ್ನು ಪೈಪು ಹಾಕಲು ಅಗೆದು, ಅಗೆದವರು ಮರೆತುಹೋಗಿದ್ದರು. ಇದ್ದದ್ದು ಒಂದೇ ದಾರಿ, ಪ್ರಹ್ಲಾದರಾಯರ ಮನೆ ಮುಂದಿನ ಏರು. ಸಮತಟ್ಟಿನಲ್ಲಿ ಸೈಕಲ್ಲು ಬೆಣ್ಣೆಯ ಹಾಗೆ ಓಡಿತು. ಏರಿನಲ್ಲಿ ಬದರಿ ಸೀಟು ಬಿಟ್ಟೆದ್ದು ಪೆಡಲ್ ಮೇಲೆ ಮೈಭಾರವನ್ನೆಲ್ಲ ಹಾಕಿದ. ಕಟಕ್ಕೆಂದು ಸದ್ದಾಯಿತು, ಕಾಲು ಹಗುರವಾಗಿ ಗರ್ರನೆ ಸುತ್ತಿತು, ಚೈನು ಜೋತುಬಿತ್ತು. ಬದರಿ ಕೆಳಗೆ ನೋಡಿದ. ಆಮೇಲೆ ಮೇಲೆ ನೋಡಿದ. ಎದುರಿಗೆ ಪ್ರಹ್ಲಾದರಾಯರ ಹಸಿರು ಗೇಟು.

ಗಂಡಿನ ಅಣ್ಣ ಎಂಬವನು ಬೀಗರ ಗೇಟಿನ ಮುಂದೆ ಮಂಡಿಯೂರಿ ಕೂತು ಕೈಯೆಲ್ಲ ಕರಿ ಮಾಡಿಕೊಳ್ಳುವುದೇ? ಯಾರೂ ಗುರುತು ಹಿಡಿಯದಿರಲಿ ಎಂದು ಕರವಸ್ತ್ರ ತೆಗೆದು ಮೂಗಿನಿಂದ ಕೆಳಕ್ಕೆ ಕಟ್ಟಿಕೊಂಡ. ಹಾಗೆ ಕಟ್ಟಿಕೊಂಡು ಗೇಟಿನ ಸಂದಿಯಲ್ಲಿ ಒಮ್ಮೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೆಲಸಕ್ಕೆ ಕೂತ.

ಎದುರು ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಗುರುಬಸಮ್ಮನವರಿಗೆ ಕಂಡದ್ದು ಇಷ್ಟು: ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಮನುಷ್ಯ ರಾಯರ ಮನೆಗೆ ಇಣುಕಿ ನೋಡಿ, ಏನೋ ನೆಪ ಮಾಡಿಕೊಂಡು ಕೂತ. ಹೋದ ವಾರ ಹೆಣ್ಣು ನೋಡಲು ಆಟೋ ಇಳಿದವರಲ್ಲಿ ಇವನೂ ಒಬ್ಬ, ಆ ಅಗಲ ಕಿವಿ ಅವರಿಗೆ ನೆನಪಿತ್ತು.

ಬದರಿ ಚೈನು ಏರಿಸಿದ, ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿದ, ಮನೆಗೆ ಬಂದು ಕಾಲು ತೊಳೆದು ನೀರು ಕುಡಿದ. ಆಫೀಸಿಗೆ ಬಸ್ಸಿನಲ್ಲಿ ಹೋದ.

“ಸಡಿಲ ಕಣೋ” ಎಂದರು ಶೀನಣ್ಣ ಸಂಜೆ. “ಹೊಸ ಚೈನ್ ಜಗ್ಗುತ್ತೆ. ಹಿಂದಿನ ಚಕ್ರ ಇನ್ನೊಂದು ಬೆರಳು ಹಿಂದಕ್ಕೆ ಎಳಿ.”

ಬದರಿ ಎಳೆದ. ಚೈನು ತಂಬೂರಿ ತಂತಿಯ ಹಾಗೆ ಬಿಗಿಯಾಯಿತು, ಬೆರಳಲ್ಲಿ ಮೀಟಿದರೆ ನಾದ ಬರುತ್ತಿತ್ತು. ಪೆಡಲ್ ತುಳಿದರೆ ಗಾಣ ಎಳೆದ ಹಾಗೆ. ಮಂಗಳವಾರ ಶುಭಕಾರ್ಯಕ್ಕೆ ಆಗದು. ಬುಧವಾರ ಮತ್ತೆ ಹೊರಟ. ಅದೇ ಏರು, ಅದೇ ಕಟಕ್, ಅದೇ ಗೇಟು.

ಈ ಸಲ ಗುರುಬಸಮ್ಮ ಜಗಲಿ ಇಳಿದೇ ಬಂದರು.

“ಕೈಗೆ ನೀರು ಕೊಡ್ಲಾ ಸ್ವಾಮಿ?”

“ಬೇಡಿ ತಾಯಿ. ಚೈನ್ ಸ್ವಲ್ಪ ತೊಂದರೆ.”

ಗುರುಬಸಮ್ಮ ಚೈನನ್ನು ನೋಡಿದರು. ಅದು ಬೆಳಗಿನ ಬಿಸಿಲಿಗೆ ಬೆಳ್ಳಿ ಉಡಿದಾರದ ಹಾಗೆ ಹೊಳೆಯುತ್ತಿತ್ತು.

“ಹೊಸದು.”

“ಹೌದು, ಹೊಸದೇ.”

“ಹೊಸ ಚೈನು ಬೀಳ್ತಾ ಐತೆ.” ಅವರು ಅರ್ಥವಾದವರಂತೆ ತಲೆಯಾಡಿಸಿ ದನಿ ತಗ್ಗಿಸಿದರು. “ನೋಡಿ ಸ್ವಾಮಿ, ಕೇಳೋದಿದ್ರೆ ನನ್ನನ್ನೇ ಕೇಳ್ಬಿಡಿ. ಹೆಣ್ಣು ಕೊಡೋ ಮನೆ ಬಗ್ಗೆ ಅಕ್ಕಪಕ್ಕ ವಿಚಾರಿಸೋದು ತಪ್ಪಲ್ಲ. ನಮ್ಮ ಮಗಳಿಗೆ ನಾವೂ ಮಾಡಿದೀವಿ. ಹುಡುಗಿ ಚೊಕ್ಕ ಚಿನ್ನ. ಕಣ್ಣು ಚೆನ್ನಾಗಿ ಕಾಣ್ತದೆ, ಓದೋಕೂ ಕನ್ನಡಕ ಇಲ್ಲ. ಅವರ ತಾಯಿಗೆ ಮಾತ್ರ ಸ್ವಲ್ಪ ಕೋಪ ಜಾಸ್ತಿ. ಅದೂ ರಾಯರ ಮೇಲೆ ಮಾತ್ರ.”

“ಅಯ್ಯೋ, ನಾನು ಅದಕ್ಕೆ ಬಂದಿಲ್ಲ ತಾಯಿ.”

“ಮತ್ತೆ ಯಾತಕ್ಕೆ ಬಂದ್ರಿ?”

ಬದರಿ ಬಾಯಿ ತೆರೆದ. ಪೋಸ್ಟ್ ಆಫೀಸಿಗೆ ಎನ್ನಬೇಕು. ಯಾವ ಕಾಗದ ಎನ್ನುತ್ತಾರೆ. ಒಪ್ಪಿಗೆಯ ಮಾತು ಹೆಣ್ಣಿನವರಿಗಿಂತ ಮುಂಚೆ ಎದುರು ಮನೆಗೆ ತಲುಪುತ್ತದೆ. ಬದರಿ ಬಾಯಿ ಮುಚ್ಚಿದ. ಆ ಬಾಯಿ ಮುಚ್ಚಿದ್ದು ಗುರುಬಸಮ್ಮನವರಿಗೆ ಒಂದು ಪುಟದಷ್ಟು ಉತ್ತರ ಕೊಟ್ಟಿತು.

ಅವನು ತಿರುಗಿ ಹೋದ ಮೇಲೆ ಏನಾಯಿತೆಂಬುದು ಬದರಿಗೆ ಬಹಳ ತಡವಾಗಿ ಗೊತ್ತಾದದ್ದು. ಗುರುಬಸಮ್ಮ ನೇರ ರಾಯರ ಅಡುಗೆಮನೆಗೇ ಹೋಗಿ, “ನಿಮ್ಮ ಬೀಗರು ಸೈಕಲ್ ರಿಪೇರಿ ವೇಷದಲ್ಲಿ ವಿಚಾರಣೆಗೆ ಬರ್ತಾ ಅವರೆ” ಎಂದು ತಿಳಿಸಿದರು. ರಾಯರ ಮನೆಯಲ್ಲಿ ಗಾಬರಿ ಎದ್ದಿತು. ಗೇಟಿಗೆ ಬಣ್ಣ ಬಳಿದರು. ಅಂಗಳದಲ್ಲಿ ಒಣಗಿಹಾಕಿದ್ದ ರಾಯರ ಹರಕು ಬನಿಯನ್ ಹಿತ್ತಲಿಗೆ ವರ್ಗವಾಯಿತು. ಸುಪ್ರಜಾಳಿಗೆ, ಸೈಕಲ್ಲಿನವನು ಕಂಡ ಕೂಡಲೇ ಕಿಟಕಿಯ ಹತ್ತಿರ ಕೂತು ದೇವರನಾಮ ಹೇಳಬೇಕೆಂದು ಅಪ್ಪಣೆಯಾಯಿತು. ಅವಳು ಹೇಳುವುದಿಲ್ಲ ಎಂದಳು. ಅವಳ ತಾಯಿಯೇ ಹೇಳುವುದೆಂದಾಯಿತು.

ಇತ್ತ ಬದರಿಯ ಮನೆಯಲ್ಲಿ ರಂಗನಾಯಕಮ್ಮ ಊಟ ಅರ್ಧಕ್ಕೇ ಬಿಟ್ಟಿದ್ದರು.

“ಎರಡು ಸಲವೂ ಅದೇ ಜಾಗ ಅಂತೀಯ. ಯಾರದೋ ಕಣ್ಣು ಬಿದ್ದಿದೆ ಕಣೋ.”

“ಕಣ್ಣಲ್ಲಮ್ಮ, ಬಿಗಿ ಜಾಸ್ತಿಯಾಗಿದೆ. ಶೀನಣ್ಣ ಈಗ ಸಡಿಲ ಮಾಡು ಅಂತಿದಾರೆ.”

“ಮೊನ್ನೆ ಬಿಗಿ ಮಾಡು ಅಂದವರೂ ಅವರೇ ಅಲ್ವೇನ್ರೀ?” ಎಂದಳು ಅಕ್ಷಯಾ.

“ಮೊನ್ನೆ ಸಡಿಲ ಇತ್ತಲ್ಲ.”

ಸಂಕರ್ಷಣ ಮಜ್ಜಿಗೆಗೆ ಅನ್ನ ಕಲಸಿ, ಕಲಸಿದ್ದನ್ನೇ ಇನ್ನೊಮ್ಮೆ ಕಲಸಿ, ಎದ್ದುಹೋದ. ಮದುವೆ ಬೇಡವೆಂದಾಗ ಅವನು ಒಳ್ಳೆಯ ಊಟಗಾರನಾಗಿದ್ದ.

ಗುರುವಾರ ರಂಗನಾಯಕಮ್ಮ ಹ್ಯಾಂಡಲ್ಲಿಗೆ ತಮ್ಮ ಕೈಯಾರೆ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದರು. ಲಾರಿಗೆ ಕಟ್ಟುವುದುಂಟು, ಹೊಸ ಸ್ಕೂಟರಿಗೆ ಕಟ್ಟುವುದುಂಟು. ಇಪ್ಪತ್ತು ವರ್ಷದ ಸೈಕಲ್ಲಿಗೆ ಕಟ್ಟಿದ್ದು ಆ ಬೀದಿಯಲ್ಲಿ ಅದೇ ಮೊದಲು. ಬದರಿ ಉಸಿರು ಬಿಗಿಹಿಡಿದು ಏರು ಹತ್ತಿದ. ಕಿಟಕಿಯಿಂದ ಯಾರೋ ಹೆಂಗಸು ದೇವರನಾಮ ಶುರುಮಾಡಿದ ಶಬ್ದ ಕೇಳಿಸಿತು, ಶುಭಶಕುನ ಎಂದುಕೊಂಡ, ಇನ್ನಷ್ಟು ಜೋರಾಗಿ ತುಳಿದ. ಕಟಕ್. ಈ ಸಲ ಸೈಕಲ್ಲು ಎಷ್ಟು ಜೋರಾಗಿ ಜಗ್ಗಿತೆಂದರೆ ದಾರ ಹರಿದು ನಿಂಬೆಹಣ್ಣು ನೆಲಕ್ಕೆ ಬಿದ್ದು, ಉರುಳುತ್ತ ಉರುಳುತ್ತ, ಹೊಸ ಬಣ್ಣದ ಗೇಟಿನಡಿ ನುಸುಳಿ ರಾಯರ ಮನೆಯ ರಂಗೋಲಿಯ ನಟ್ಟನಡುವೆ ಹೋಗಿ ನಿಂತಿತು.

ದೇವರನಾಮ ನಿಂತುಹೋಯಿತು.

ಬದರಿ ಗೇಟಿನ ಕೆಳಗೆ ಕೈ ಹಾಕಿ ತೆಗೆಯಲು ನೋಡಿದ. ಕೈ ಎಟುಕಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಕಡ್ಡಿಯಿಂದ ಎಳೆಯಲು ನೋಡಿದ. ಕಡ್ಡಿ ರಂಗೋಲಿಯ ಮೇಲೆ ಗೀಟು ಗೀಟಾಗಿ ಬರೆಯಿತು. ಒಳಗಿನಿಂದ ಹೆಜ್ಜೆಯ ಸದ್ದು ಬಂದೊಡನೆ ಸೈಕಲ್ಲನ್ನು ಹೆಗಲಿಗೇ ಏರಿಸಿಕೊಂಡು ಇಳಿಜಾರಿನಲ್ಲಿ ಓಡಿದ.

ಮದುವೆ ಮಾತು ನಡೆದಿರುವ ಮನೆಯ ಹೊಸ್ತಿಲೆದುರು, ರಂಗೋಲಿಯ ಮಧ್ಯೆ ನಿಂಬೆಹಣ್ಣು, ಸುತ್ತ ಯಾವುದೋ ಗೀಟು. ಅದನ್ನು ಆ ಮನೆಯವರು ಏನೆಂದು ತಿಳಿದುಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಶುಕ್ರವಾರ ಬದರಿ ಆ ದಾರಿಯ ಗೊಡವೆಗೇ ಹೋಗದೆ ಬಸ್ಸಿನಲ್ಲಿ ಆಫೀಸಿಗೆ ಹೋಗಿಬಂದ. ಸಂಜೆ ಸಂಕರ್ಷಣ ಬ್ಯಾಂಕಿನಿಂದ ಬಂದವನು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತ.

“ಅಣ್ಣ, ನೀನು ಅವರ ಮನೆ ಮುಂದೆ ಮಾಟ ಮಾಡಿದ್ಯಾ?”

ಬದರಿ ಕಾಫಿ ಲೋಟವನ್ನು ಕೆಳಗಿಟ್ಟ.

“ಸುಪ್ರಜಾ ಸೋದರಮಾವ ಪಾಸ್‌ಬುಕ್ ತುಂಬಿಸೋಕೆ ಬಂದಿದ್ರು. ಕೌಂಟರಲ್ಲಿ ಎಲ್ಲರೆದುರಿಗೇ ಕೇಳಿದ್ರು. ಮೊದಲು ಬೇಹುಗಾರಿಕೆ, ಆಮೇಲೆ ಮಾಟ, ಇಂಥ ಮನೆಗೆ ಹೆಣ್ಣು ಕೊಡಬೇಕಾ ಅಂತ. ಆ ಇನ್ನೊಂದು ಕಡೆಯವರನ್ನ ಭಾನುವಾರ ಕರೆಸ್ತಾರಂತೆ.”

ರಂಗನಾಯಕಮ್ಮ ತಂಬಿಗೆಯ ನೀರನ್ನು ಸುಮ್ಮನೆ ಇನ್ನೊಂದು ತಂಬಿಗೆಗೆ ಸುರಿದರು. ಸೋಮವಾರ ಹುಣ್ಣಿಮೆ, ಅದು ಕಳೆದರೆ ಪಿತೃಪಕ್ಷ.

“ನಾನು ಯಾವತ್ತೂ ಏನೂ ಕೇಳಿದವನಲ್ಲ” ಎಂದ ಸಂಕರ್ಷಣ. “ಇದೊಂದು ಕಾಗದ ಹಾಕು ಅಂದೆ.” ಚಪ್ಪಲಿ ಹಾಕಿಕೊಂಡೇ ಮತ್ತೆ ಹೊರಗೆ ಹೋದ.

ಅಕ್ಷಯಾ ಗಂಡನನ್ನು ನೋಡಿದಳು. “ರೀ, ಆಫೀಸಲ್ಲಿ ದಿನಾ ಎಷ್ಟು ಕಾಗದ ರವಾನೆ ಮಾಡ್ತೀರಿ?”

“ನೂರು, ನೂರೈವತ್ತು.”

“ಯಾವ ಸೈಕಲ್ಲಲ್ಲಿ?”

ಬದರಿ ಆ ರಾತ್ರಿ ಊಟ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ರಂಗನಾಯಕಮ್ಮ ರಾಹುಕಾಲ ಕಳೆಯಲಿ ಎಂದು ಕೂಗುತ್ತಿದ್ದ ಹಾಗೆಯೇ ಅವನು ಗೇಟು ದಾಟಿದ್ದ. ಏರು ಬಂತು. ನಿಧಾನ, ನಿಧಾನ ಎಂದುಕೊಂಡ. ನಿಧಾನವಾದರೆ ಸೈಕಲ್ಲು ಹಿಂದಕ್ಕೆ ಜಾರುತ್ತಿತ್ತು. ಅನಿವಾರ್ಯವಾಗಿ ಎದ್ದು ತುಳಿದ.

ಕಟಕ್ಕನ್ನು ಮತ್ತೆ ವರ್ಣಿಸುವುದಿಲ್ಲ.

ಹಸಿರು ಗೇಟು ತೆರೆದೇ ಇತ್ತು. ಪ್ರಹ್ಲಾದರಾಯರು ಪಂಚೆ, ಶಲ್ಯ, ಕೈಯಲ್ಲೊಂದು ಬಟ್ಟೆ ಚೀಲ ಹಿಡಿದು ಅಲ್ಲೇ ನಿಂತಿದ್ದರು. ಎದುರು ಜಗಲಿಯಲ್ಲಿ ಗುರುಬಸಮ್ಮ, ಮೊರದಲ್ಲಿ ಅಕ್ಕಿ ಇಲ್ಲದಿದ್ದರೂ ಮೊರ ಹಿಡಿದು ಕೂತಿದ್ದರು.

“ಬನ್ನಿ ಬದರೀನಾರಾಯಣ ಅವರೇ. ನಿಮಗೋಸ್ಕರವೇ ಕಾಯ್ತಿದ್ದೆ. ಚೈನ್ ಬಿತ್ತಾ?”

“ಬಿತ್ತು ರಾಯರೇ.”

“ಬೀಳ್ಲೇಬೇಕಲ್ಲ. ಬಿಸಿಲಲ್ಲಿ ಕೂತು ಯಾಕೆ ಕಷ್ಟಪಡ್ತೀರಿ, ಎಲ್ಲಾ ನಾನೇ ತಂದಿದೀನಿ, ನೋಡ್ಕೊಳ್ಳಿ.” ರಾಯರು ಚೀಲಕ್ಕೆ ಕೈ ಹಾಕಿದರು. “ಇದು ಮಗಳ ಮಾರ್ಕ್ಸ್ ಕಾರ್ಡು. ಇದು ರೇಷನ್ ಕಾರ್ಡು, ಮನೇಲಿ ಎಷ್ಟು ಜನ ಅಂತ ಇದರಲ್ಲಿದೆ. ಇದು ಕಂದಾಯ ಕಟ್ಟಿದ ರಸೀತಿ. ನನಗೆ ಸಕ್ಕರೆ ಕಾಯಿಲೆ ಇಲ್ಲ ಅಂತ ಡಾಕ್ಟರು ಬರೆದುಕೊಟ್ಟಿದ್ದು ಇದು.” ಕೊನೆಗೆ ಕಾಗದದಲ್ಲಿ ಸುತ್ತಿದ್ದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಹಿಡಿದರು. ಬಾಡಿದ ನಿಂಬೆಹಣ್ಣು. “ಇದು ನಿಮ್ಮದು. ತಗೊಂಡು ಹೋಗಿ.”

“ರಾಯರೇ, ದೇವರಾಣೆಗೂ ಅದು ಸೈಕಲ್ಲಿಗೆ ಕಟ್ಟಿದ್ದು.”

“ಸೈಕಲ್ಲಿಗೆ ನಿಂಬೆಹಣ್ಣು ಕಟ್ತಾರಾ?”

“ಚೈನ್ ಬೀಳ್ತಿತ್ತು, ಅದಕ್ಕೆ.”

“ಹೊಸ ಚೈನು ಯಾಕ್ರೀ ಬೀಳತ್ತೆ? ನನ್ನನ್ನೇನು ಮಗು ಅಂದ್ಕೊಂಡ್ರಾ?”

ಒಳಗಿನಿಂದ ಸುಪ್ರಜಾ ಬಂದಳು. ರಾಯರು “ನೀನು ಒಳಗಿರು” ಎಂದರು. ಅವಳು ಕೇಳಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಪೆಡಲನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ತಿರುಗಿಸಿದಳು.

“ಅಪ್ಪ, ಇವರು ನಾಟಕ ಆಡ್ತಿಲ್ಲ.”

“ಏನು?”

“ಈ ಹಲ್ಲು ನೋಡು. ಹಳೇ ಚೈನಿನ ಜೊತೆ ಸವೆದು ಸವೆದು ಬಾಗಿಹೋಗಿವೆ. ಹೊಸ ಚೈನಿನ ಕೊಂಡಿ ಇದರ ಮೇಲೆ ಸರಿಯಾಗಿ ಕೂರಲ್ಲ. ಸಮ ಇದ್ದ ಕಡೆ ಹೇಗೋ ಓಡತ್ತೆ. ಏರಲ್ಲಿ ಎದ್ದು ತುಳಿದ್ರೆ ಕೊಂಡಿ ಹಲ್ಲಿನ ಮೇಲೆ ಹತ್ತಿ ಆಚೆ ಬೀಳತ್ತೆ. ಏರು ಇರೋದು ನಮ್ಮನೆ ಮುಂದೆ. ಇನ್ನೆಲ್ಲಿ ಬೀಳಬೇಕು?” ಅವಳು ಬದರಿಯ ಕಡೆ ತಿರುಗಿದಳು. “ಕಾಲೇಜಿಗೆ ಹೋಗೋವಾಗ ನನ್ನ ಸೈಕಲ್ಲಿಗೂ ಹೀಗೇ ಆಗಿತ್ತು. ಹಲ್ಲಿನ ಚಕ್ರ ಬದಲಾಯಿಸೋ ತನಕ ಏರಲ್ಲಿ ಇಳಿದು ತಳ್ಕೊಂಡು ಹೋಗಿ.”

ಇಳಿದು ತಳ್ಳುವುದು. ಆ ವಾರವಿಡೀ ಬಿಗಿ ಮಾಡಿದ್ದ, ಸಡಿಲ ಮಾಡಿದ್ದ, ನಿಂಬೆಹಣ್ಣು ಕಟ್ಟಿಸಿಕೊಂಡಿದ್ದ. ಇಳಿಯುವುದೊಂದು ಬದರಿಗೆ ಹೊಳೆದಿರಲಿಲ್ಲ. ಹುಡುಗಿಯ ಬೆರಳುಗಳು ಕರ್ರಗಾಗಿದ್ದವು. ಇವಳು ತಮ್ಮನಿಗೆ ಸಿಗದೇಹೋದರೆ, ಎಂದು ಅವನು ಯೋಚಿಸಿದ.

ಎದುರು ಜಗಲಿಯಿಂದ ಗುರುಬಸಮ್ಮ, “ಕಣ್ಣು ಚೆನ್ನಾಗಿ ಕಾಣ್ತದೆ ಅಂತ ನಾನು ಅವತ್ತೇ ಹೇಳಿದ್ನಲ್ಲ” ಎಂದರು.

ರಾಯರು ಹಲ್ಲು ನೋಡಿದರು. ಬೆರಳಲ್ಲಿ ಮುಟ್ಟಿಯೂ ನೋಡಿದರು. ಆದರೆ ಅಷ್ಟಕ್ಕೇ ಬಿಡುವವರಲ್ಲ.

“ಸರಿ, ಚೈನೇ ಬಿತ್ತು. ಆಫೀಸಿಗೆ ಹೋಗೋರಾದ್ರೆ ಚೈನ್ ಹಾಕ್ಕೊಂಡು ಮುಂದೆ ಹೋಗ್ತಿದ್ರಿ. ನೀವು ನಮ್ಮ ಗೇಟಿನ ತನಕ ಬರ್ತೀರಿ, ವಾಪಸು ಹೋಗ್ತೀರಿ. ಅದೇನು?”

ಬದರಿ ನೆಲ ನೋಡಿದ. ಅಮ್ಮನ ಕಟ್ಟಳೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ಅವುಗಳ ಹಿಂದೆ, ಚಪ್ಪಲಿ ಕಳಚದೆ ಬಾಗಿಲಲ್ಲಿ ನಿಂತಿದ್ದ ಸಂಕರ್ಷಣ. ಬದರಿ ಒಳಜೇಬಿಗೆ ಕೈ ಹಾಕಿ, ವಾರವೆಲ್ಲ ಬೆವರು ಕುಡಿದು ಮೆತ್ತಗಾಗಿದ್ದ ಲಕೋಟೆಯನ್ನು ತೆಗೆದು, ಕೊಡದೆ, ವಿಳಾಸ ಕಾಣುವ ಹಾಗೆ ಎದೆಗೆ ಹಿಡಿದುಕೊಂಡ.

“ಇದನ್ನ ಅಂಚೆಗೆ ಹಾಕೋಕೆ ಹೊರಟಿದ್ದು. ದಾರೀಲಿ ವಿಘ್ನವಾದ್ರೆ ಹಿಂತಿರುಗಬೇಕು ಅಂತ ನಮ್ಮಮ್ಮ. ನಿಮ್ಮ ಕೈಗೆ ಕೊಡೋ ಹಾಗೂ ಇಲ್ಲ.”

ರಾಯರು ತಮ್ಮ ಹೆಸರನ್ನು ಓದಿಕೊಂಡರು. ಮೂಲೆಯ ಅರಿಶಿನವನ್ನು ನೋಡಿದರು. ಬೇಡವೆನ್ನುವ ಕಾಗದಕ್ಕೆ ಜಗತ್ತಿನಲ್ಲಿ ಯಾರೂ ಅರಿಶಿನ ಹಚ್ಚುವುದಿಲ್ಲ. ಅವರ ಕೈ ತಾನಾಗಿ ಮುಂದೆ ಬಂತು, ತಕ್ಷಣ ಸುಟ್ಟುಕೊಂಡ ಹಾಗೆ ಹಿಂದಕ್ಕೆ ಹೋಯಿತು.

“ಛೆ ಛೆ, ನಾನು ಕೈಯಲ್ಲಿ ತಗೊಳ್ಳೋದುಂಟಾ? ನಮ್ಮ ಕಡೆಯವರು ಕೇಳಿದ್ರೆ ಏನಂತಾರೆ? ಅಂಚೇಲೇ ಬರಬೇಕು.” ಗಡಿಯಾರ ನೋಡಿಕೊಂಡರು. “ಈಗ ಹಾಕಿದ್ರೆ ಸೋಮವಾರಕ್ಕೆ ಸಿಗತ್ತೆ. ನಡೀರಿ. ಸುಪ್ರಜಾ, ನಾಳೆ ಬರೋ ಆ ಇನ್ನೊಂದು ಕಡೆಯವರಿಗೆ ಬರಬೇಡಿ ಅನ್ನೋಕೆ ನಿಮ್ಮ ಮಾವನಿಗೆ ಹೇಳು.”

ಸುಪ್ರಜಾ ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಗ್ರೀಸು ಹಚ್ಚಿಕೊಂಡು ಒಳಗೋಡಿದಳು.

ಬದರಿ ಮುಂದೆ ಹ್ಯಾಂಡಲ್ ಹಿಡಿದ, ರಾಯರು ಹಿಂದೆ ಕ್ಯಾರಿಯರ್ ನೂಕಿದರು. ಇಬ್ಬರೂ ಏರು ಹತ್ತಿದರು. ಗಾಂಧಿ ಬಜಾರಿನ ಹೂವಿನವರು ಪಂಚೆ ಶಲ್ಯದ ಯಜಮಾನರು ಕೆಟ್ಟ ಸೈಕಲ್ಲನ್ನು ನೂಕುತ್ತಿದ್ದುದನ್ನು ಕೈಕೆಲಸ ಬಿಟ್ಟು ನೋಡಿದರು.

ಪೋಸ್ಟ್ ಆಫೀಸಿನ ಕೆಂಪು ಡಬ್ಬಿಯ ಮುಂದೆ ಬದರಿ ಲಕೋಟೆ ಎತ್ತಿದ.

“ನಿಲ್ಲಿ” ಎಂದರು ರಾಯರು.

ಬದರಿ ಲಕೋಟೆಯನ್ನು ಮತ್ತೆ ಎದೆಗೆ ಒತ್ತಿಕೊಂಡ.

“ಎರಡನೇ ಕ್ರಾಸ್ ಅಂತ ಬರೆದಿದೀರಿ. ನಮ್ಮದು ಮೂರನೇದು. ಎರಡನೇ ಕ್ರಾಸಲ್ಲೂ ಒಬ್ಬ ಪ್ರಹ್ಲಾದರಾವ್ ಇದಾನೆ, ಅವನಿಗೂ ಒಬ್ಬಳು ಮಗಳಿದಾಳೆ.”

ಅವರು ಜೇಬಿನಿಂದ ಪೆನ್ನು ತೆಗೆದರು. ಲಕೋಟೆಯನ್ನು ಮುಟ್ಟಬಾರದಲ್ಲ, ಬದರಿ ಅದನ್ನು ಡಬ್ಬಿಯ ಮೇಲೆ ಒತ್ತಿ ಹಿಡಿದುಕೊಂಡ. ರಾಯರು ಬಗ್ಗಿ, ತಮ್ಮ ವಿಳಾಸವನ್ನು ತಾವೇ ತಿದ್ದಿ, ಮಸಿ ಆರಲೆಂದು ಎರಡು ಸಲ ಊದಿದರು.

“ಈಗ ಹಾಕಿ. ನಾನು ಆ ಕಡೆ ತಿರುಗಿ ನಿಂತಿರ್ತೀನಿ.”

ಅವರು ಆ ಕಡೆ ತಿರುಗಿ ನಿಂತರು. ಬದರಿ ಕಾಗದವನ್ನು ಡಬ್ಬಿಯೊಳಗೆ ಬಿಟ್ಟ.